ಬಯಲಕಡೆ

ರೂವಿಯ ಆ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವನು ಒಬ್ಬನೇ,
ಎಕ್ಸ್‌ರೇ ಕೋಣೆಯ ಹುಡುಗ, ಶಿರಹಟ್ಟಿ ಕಡೆಯವನು.
ಹೆಸರು ಫಕ್ಕೀರೇಶ.
ಫಕೀರನೋ ಈಶನೋ ಎಂದು ಕೇಳಿದೆ.
ಎರಡೂ ಹೌದ್ರಿ ಅಮ್ಮಾರ, ಎಂದ,
ಹಸಿರು ಪರದೆಯ ಆಚೆ ಗೋಡೆಗೆ ಮುಖ ಮಾಡಿ ನಿಂತ.

ನನ್ನ ಮನೆಮಾತು ಬ್ಯಾರಿ. ಅದರಲ್ಲಾದರೆ ಹೇಗೋ ಹೇಳಿಬಿಡುತ್ತಿದ್ದೆ.
ನನ್ನ ಕನ್ನಡ ಐದನೇ ಕ್ಲಾಸಿನದು:
ಗೋಡೆಯ ಪಟದಲ್ಲಿ ಒಬ್ಬ ಹುಡುಗ ಚಡ್ಡಿ ಹಾಕಿ ನಿಂತಿದ್ದ,
ಕಣ್ಣು, ಕಿವಿ, ಭುಜ, ಮೊಣಕಾಲು.
ಟೀಚರ ಕೋಲು ಹೊಟ್ಟೆಯಿಂದ
ನೇರ ತೊಡೆಗೆ ಹಾರುತ್ತಿತ್ತು.

ಡಾಕ್ಟರ್ ಶೈಖಾ ಕಾಗದ ನೋಡಿಕೊಂಡು ಇಂಗ್ಲಿಷಿನಲ್ಲಿ ಕೇಳುತ್ತಾರೆ.
ಪರದೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.
ಆಮೇಲೆ, ಕೆಮ್ಮಿ:
ಬಯಲಕಡೀಗೆ ಹೋಗಾಕ ತ್ರಾಸ ಆಗತೈತೇನ್ರಿ?
ನನಗೆ ನಗು. ಮಸ್ಕತ್ತಿನಲ್ಲಿ ಎಲ್ಲಿಯ ಬಯಲು ಮಗಾ,
ಕಿಟಕಿ ತುಂಬ ಸುಟ್ಟ ಬಣ್ಣದ ಗುಡ್ಡ.
ನಮ್ಮದು ಏಳು ಹೆಂಗಸರಿಗೆ ಒಂದು ಕಕ್ಕಸು,
ನನ್ನ ಪಾಳಿ ಸುಬಹಿಯ ಬಾಂಗಿಗೂ ಮೊದಲು, ಮೂರೂವರೆಗೆ,
ಯಾರೂ ಬಾಗಿಲು ಬಡಿಯದ ಹೊತ್ತು.

ನಕ್ಕಾಗ ಕೆಳಗೆ ಅದು ಇನ್ನಷ್ಟು ಇಳಿಯಿತು.
ಹನ್ನೊಂದು ವರ್ಷದಿಂದ ಇಳಿಯುತ್ತಿದೆ.
ನಾಲ್ಕನೆಯವಳು ಹುಟ್ಟಿದ ಮೇಲೆ, ಮೆಸ್ಸಿನ ಅಡುಗೆಮನೆಯಲ್ಲಿ
ಅನ್ನದ ಹಂಡೆ ಎತ್ತಿದಾಗೆಲ್ಲ ಕೂದಲೆಳೆಯಷ್ಟು.
ಈಗ ಕೋಳಿಮೊಟ್ಟೆಯಷ್ಟು, ಮೆತ್ತಗೆ, ನನ್ನದೇ ಮಾಂಸ.
ಅದಕ್ಕೆ ಚೀಟಿಯಲ್ಲಿ ಹೆಸರಿದೆ. ತೋರಿಸಿದರೆ ಸಾಕು.
ಕಷ್ಟವಿದ್ದದ್ದು ಅದರ ಹಿಂದಿನದು.

ಪೂರ್ತಿ ಆಗಿಲ್ಲ ಅನ್ನಿಸತೈತೇನು? ಹೌದು.
ತಿಣುಕಬೇಕೇನು? ಹಣೆಯ ನರ ಉಬ್ಬುವಷ್ಟು.
ತಿಳೀದಂಗ ಗಾಳಿ ಹೋಗತೈತೇನು?
ಹೋಗುತ್ತದೆ. ರುಕೂವಿಗೆ ಬಾಗಿದಾಗ.
ಎದ್ದು ಮತ್ತೆ ವುಝೂ, ಮತ್ತೆ ಮೊದಲಿನಿಂದ;
ಒಂದು ಅಸರ್ ನಮಾಝಿಗೆ ಮೂರು ಸಲ ಕಾಲು ತೊಳೆದಿದ್ದೇನೆ.
ಇದನ್ನು ಅವನು ದಾಟಿಸಬೇಕಾಗಲಿಲ್ಲ.
ಎರಡು ಶಬ್ದ ಕೇಳಿಯೇ ಡಾಕ್ಟರ್ ಪೆನ್ನು ನಿಲ್ಲಿಸಿದರು,
ನೆಬಿಸಾ, ಎಂದರು. ಅಷ್ಟೇ.

ಆರನೆಯ ಪ್ರಶ್ನೆಗೆ ಹುಡುಗ ಸಿಕ್ಕಿಬಿದ್ದ.
ಅಮ್ಮಾರ... ಕೈ... ಕೈಲೆ ಏನರ...
ಪರದೆಯ ಬುಡದಲ್ಲಿ ಅವನ ಬಿಳಿ ಬೂಟು ಒಂದರ ಮೇಲೊಂದು ಏರಿತು.
ನಾನೇ ಹೇಳಿದೆ:
ಹೌದು ಮಗಾ. ಬೆರಳಿನಿಂದ ಒಳಗಿನ ಗೋಡೆ ಒತ್ತಿ ಹಿಡಿದರೆ ಮಾತ್ರ
ಹೊರಗೆ ಬರುತ್ತದೆ.
ಊರಿನ ಗಂಡನಿಗೆ ಗೊತ್ತಿಲ್ಲ. ಮಣ್ಣಿಗೆ ಹೋದ ಉಮ್ಮನಿಗೂ ಗೊತ್ತಿರಲಿಲ್ಲ.
ಆ ಬೆರಳನ್ನು ಸೋಪಿನಲ್ಲಿ ಉಜ್ಜಿ ಉಜ್ಜಿ
ಇನ್ನೂರು ಜನರ ಹಿಟ್ಟು ಕಲಸಿದ್ದೇನೆ,
ಉಗುರನ್ನು ರಕ್ತ ಬರುವವರೆಗೆ ಕತ್ತರಿಸಿಕೊಂಡಿದ್ದೇನೆ.
ಲೋಕದಲ್ಲಿ ಹೀಗೆ ಮಾಡುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಡಾಕ್ಟರ್ ಕಾಗದ ತಿರುಗಿಸಿ ತೋರಿಸಿದರು.
ಪ್ರಶ್ನೆ ಅಚ್ಚಾಗಿತ್ತು. ಮುಂದೆ ಒಂದು ಚಿಕ್ಕ ಚೌಕ.
ಅಚ್ಚು ಹಾಕಿಸಬೇಕಾದರೆ
ನನ್ನಂಥ ಬೆರಳಿನವರು ಎಷ್ಟು ಜನ ಇರಬೇಕು!

ಹೊಲಿಗೆ ಹಾಕಿ ಎತ್ತಿ ಕಟ್ಟುತ್ತಾರಂತೆ.
ಇಳಿದದ್ದು ಏರುತ್ತದೆ, ಸರಿ.
ಕರುಳಿನ ಮಾತು ಬೇರೆ:
ಭಾಳ ಮಂದಿಗೆ ಹಗುರ ಆಗತೈತಿ, ಕೆಲವರಿಗೆ ಹಂಗ ಉಳೀತೈತಿ,
ಆಣಿ ಮಾಡಿ ಹೇಳಾಕ ಬರೂದಿಲ್ಲ ಅಂತಾರ್ರಿ.
ನೀರು ಕುಡಿಯಬೇಕು, ತಿಣುಕಬಾರದು, ಹಂಡೆ ಎತ್ತಬಾರದು.
ನೀರು ಕುಡಿಯಬಹುದು.

ಡಾಕ್ಟರ್ ಹೋದ ಮೇಲೂ ಬೂಟು ಅಲ್ಲೇ ಇತ್ತು.
ಅಮ್ಮಾರ, ಒಂದ ಮಾತು.
ನಮ್ಮವ್ವ ಸಂಡಾಸಕ್ಕ ಹೋದ್ರ ತಾಸಗಟ್ಟಲೆ ಹೊರಗ ಬರತಿದ್ದಿಲ್ಲ.
ಸಾಲಿಗೆ ಹೊತ್ತಾತಂತ ನಾ ಬಾಗಲಾ ಒದೀತಿದ್ದೆ.
ಅಕಿನ್ನ ಹೆಂಗ ಕೇಳಬೇಕ್ರಿ ಇದನ್ನ?

ಪರದೆಯ ಮೇಲೆ ಅವನ ನೆರಳು. ಇನ್ನೂ ಗೋಡೆಗೇ ಮುಖ.
ಆರನೆಯದರಿಂದ ಶುರು ಮಾಡು, ಎಂದೆ.
ಕೇಳಿದ ಮೇಲೆ ಸುಮ್ಮನಿರು.
ಬಾಗಿಲು ಬಡಿಯಬೇಡ.